ಯಾದಗಿರಿಯಿಂದ ಸುರಪುರದವರೆಗೆ: ನೆಲದಡಿಯ ಕಡಲು

ಕಳೆದ ಎಳ್ಳಮಾವಾಸ್ಯೆಗೆ ನಾವು ಸಕುಟುಂಬರಾಗಿ ಯಾದಗಿರಿ ಸೀಮೆಗೆ ಹೋಗಬೇಕಾಯಿತು. ಪ್ರೇಕ್ಷಣೀಯ ಸ್ಥಳಗಳನ್ನು ನೋಡುವ ಉದ್ದೇಶದಿಂದ ಹೊರಟ ಪ್ರವಾಸ ಅದಾಗಿರಲಿಲ್ಲ. ಶಹಾಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದ ನಮ್ಮ ತಂಗಿಯ ಯಜಮಾನರು ಲಿಂಗೈಕ್ಯರಾಗಿ ಒಂದು ವರ್ಷ ತುಂಬಿತ್ತು. ವರ್ಷದ ಗಣಾರಾಧನೆಗೆ ಸೋದರಮಾವನಾದ ನಾವು ಇರಲೇಬೇಕು. ಅದಕ್ಕಿಂತ ಮುಖ್ಯವಾಗಿ, ತಂಗಿಯ ಏಕಮಾತ್ರ ಪುತ್ರ, ನಮ್ಮ ಸೋದರಳಿಯ, ಈ ಕಾರ್ಯಕ್ಕೆಂದು ಕಡಲಿನಿಂದ ಬರುವವನಿದ್ದ. 'ಕಡಲಿನಿಂದ' ಎಂದು ನಾವು ಅಲಂಕಾರಕ್ಕೆ ಹೇಳುತ್ತಿಲ್ಲ. ಅವನ ಉದ್ಯೋಗವೇ ಕಡಲಿನ ಮೇಲೆ. ತಂದೆಯ ಮಣ್ಣಿಗೆ ಬರಲಾಗದ ಮಗನೆಂಬ ಮಾತನ್ನು ಅವನು ಒಂದು ವರ್ಷದಿಂದ ಹೊತ್ತಿದ್ದ. ತಂಗಿ ಅವನೊಡನೆ ದೂರವಾಣಿಯಲ್ಲಿ ಮಾತನಾಡುತ್ತಿದ್ದಳಾದರೂ, ಆ ದಿನದ ವಿಷಯವನ್ನು ಮಾತ್ರ ಒಮ್ಮೆಯೂ ಎತ್ತಿರಲಿಲ್ಲ.

ಕಲಬುರಗಿಯಲ್ಲಿ ಬೆಳಗಿನ ಗಾಡಿ ಹತ್ತಿದೆವು. ಶಹಾಬಾದ್ ಬರುತ್ತಿದ್ದಂತೆ ಹಳಿಯ ಎರಡೂ ಬದಿಗೆ ಫರ್ಸಿ ಕಲ್ಲಿನ ರಾಶಿಗಳು. ನಮ್ಮ ಸೀಮೆಯ ಯಾವ ಮನೆಯ ಪಡಸಾಲೆಯಲ್ಲಿ ಈ ಕಲ್ಲು ಇಲ್ಲ? ದೇವರ ಜಗುಲಿಯಿಂದ ದನದ ಕೊಟ್ಟಿಗೆಯವರೆಗೆ ಅದೇ ಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಮಲಗಿ ಬೆಳೆದವರು ನಾವು. ವಾಡಿ ದಾಟಿದ ಮೇಲೆ ಬಯಲು ಮತ್ತೂ ಹರಡಿಕೊಳ್ಳುತ್ತದೆ. ತೊಗರಿ ಕೊಯ್ಲು ಕೆಲವೆಡೆ ಮುಗಿದು ಗೂಡು ಹಾಕಿದ್ದರು. ಯಾದಗಿರಿ ಹತ್ತಿರವಾದಂತೆ ಸಪಾಟು ನೆಲದಿಂದ ಒಮ್ಮೆಲೇ ಹೆಬ್ಬಂಡೆಗಳ ಬೆಟ್ಟ ಎದ್ದು ನಿಲ್ಲುತ್ತದೆ. ಅದರ ನೆತ್ತಿಯ ಮೇಲೆ ಹಳೆಯ ಕೋಟೆ. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಈ ರೈಲುದಾರಿ ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಅಂದಿನಿಂದ ಇಂದಿನವರೆಗೆ ಈ ನಿಲ್ದಾಣದಿಂದ ದುಡಿಮೆಗಾಗಿ ಗುಳೆ ಹೋದವರ ಲೆಕ್ಕ ಯಾರಿಟ್ಟಿದ್ದಾರೆ? ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ತಾನೇ ಒಂದು ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಊರು ಬೆಳೆದಿದೆ. ಆದರೆ ಮುಂಬಯಿ, ಪುಣೆ, ಬೆಂಗಳೂರಿನ ಗಾಡಿಗಳಿಗೆ ಗಂಟು ಮೂಟೆ ಹಿಡಿದು ಕಾಯುವ ಸಂಸಾರಗಳು ಇಂದಿಗೂ ನಿಲ್ದಾಣದಲ್ಲಿ ಕಾಣಸಿಗುತ್ತವೆ.

ಅಳಿಯನು ಹೈದರಾಬಾದಿನ ಕಡೆಯಿಂದ ಬಂದು ನಮಗಿಂತ ಮೊದಲೇ ನಿಲ್ದಾಣದ ಹೊರಗೆ ನಿಂತಿದ್ದ. ಬಾಗಿ ನಮಸ್ಕರಿಸಿದ. ಬಿಸಿಲಿಗೂ ಉಪ್ಪುಗಾಳಿಗೂ ಬೆಂದು ಅವನ ಮುಖ ತಂದೆಯ ಮುಖದಂತೆಯೇ ಆಗಿರುವುದನ್ನು ಕಂಡು ನಮ್ಮ ಮನೆಯವರು ಸೆರಗಿನಿಂದ ಕಣ್ಣೊತ್ತಿಕೊಂಡರು.

ಭೀಮಾ ನದಿಯ ಸೇತುವೆಯ ಮೇಲೆ ಅವನು ವಾಹನ ನಿಲ್ಲಿಸಿದ. ನೀರು ಅಲ್ಲಲ್ಲಿ ಬಂಡೆಗಳ ನಡುವೆ ಹರಿಯುತ್ತಿತ್ತು. "ಮಾಮಾ, ನಾವು ನಿಂತಿದ್ದೂ ಒಂದ್ ಕಾಲಕ್ಕ ಕಡಲs ಇತ್ತು" ಎಂದ. ನಾವು ನಕ್ಕೆವು. ಆದರೆ ಅವನು ಹೇಳಿದ್ದು ಶಾಸ್ತ್ರದ ಮಾತು. ಶಹಾಬಾದ್, ವಾಡಿ, ಸೇಡಂ, ಶಹಾಪುರದ ಸುಣ್ಣಕಲ್ಲೆಲ್ಲ ಒಂದಾನೊಂದು ಕಾಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕುಳಿತ ಕೆಸರು. ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನ ಶಿಲಾಸ್ತರವೆಂದು ಕರೆಯುತ್ತಾರೆ. ಮೀನು, ಮರ, ಪ್ರಾಣಿಗಳು ಭೂಮಿಯ ಮೇಲೆ ಕಾಣಿಸಿಕೊಳ್ಳುವ ಮೊದಲಿನ ಕಲ್ಲು ಅದು. ಬಾಲ್ಯದಲ್ಲಿ ನಾವು ಮಲಗಿದ ಫರ್ಸಿಯ ಮೇಲೆ ಕೆಲವೊಮ್ಮೆ ಕಾಣುವ ಅಲೆಯಂಥ ಗೆರೆಗಳು ನೀರೇ ಬರೆದವುಗಳೆಂದು ತಿಳಿದಾಗ, ಅರುವತ್ತು ದಾಟಿದ ನಮಗೂ ಒಂದು ಕ್ಷಣ ಮೈ ಝುಂ ಎಂದಿತು. ಹಾಗಾದರೆ ಇಲ್ಲಿ ಎಣ್ಣೆ ಏಕೆ ಹುಡುಕುವುದಿಲ್ಲವೆಂದು ಕೇಳಿದೆವು. ಈ ಪದರದ ದಪ್ಪ ಕೆಲವು ನೂರು ಮೀಟರು ಮಾತ್ರ; ಎಣ್ಣೆ ಬೇಯಲು ಸಾವಿರಾರು ಮೀಟರುಗಳ ಹೊದಿಕೆಯೂ ಅದರ ಕಾವೂ ಬೇಕು; ಅಂಥ ಹೊದಿಕೆ ಇಂದಿನ ಕಡಲುಗಳ ಅಡಿಯಲ್ಲಿದೆ ಎಂದು ಅವನು ವಿವರಿಸಿದ.

ಮರುದಿನ ಎಳ್ಳಮಾವಾಸ್ಯೆ. ಮನೆಯಲ್ಲಿ ಇಷ್ಟಲಿಂಗ ಪೂಜೆ, ಗದ್ದುಗೆಗೆ ಬಿಲ್ವಪತ್ರೆ, ಜಂಗಮರಿಗೆ ಪ್ರಸಾದ ಎಲ್ಲ ಮುಗಿದ ಮೇಲೆ ಹೊಲಕ್ಕೆ ಹೊರಟೆವು. ಸಜ್ಜೆಯ ಕಡಬು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹತ್ತೆಂಟು ಕಾಯಿಪಲ್ಲೆ ಕಾಳುಗಳನ್ನು ಕೂಡಿಸಿ ಮಾಡಿದ ಭಜ್ಜಿ ತುಂಬಿದ ಬುಟ್ಟಿಗಳು. ಈ ಸೀಮೆಯವರಿಗೆ ಎಳ್ಳಮಾವಾಸ್ಯೆ ಎಂದರೆ ಭೂತಾಯಿಗೆ ಉಣಿಸುವ ದಿನ. ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಜೋಳದ ಸಾಲುಗಳ ನಡುವೆ ಚರಗ ಚೆಲ್ಲುತ್ತಾ ಹೊಲದ ನಾಲ್ಕೂ ಬದು ಸುತ್ತಬೇಕು. ಹೋದ ವರ್ಷದವರೆಗೆ ಆ ಕೆಲಸ ನಮ್ಮ ಭಾವಮೈದುನರದು. ಈ ಸಲ ಅಳಿಯನು ಸುತ್ತಿದ. ತಂಗಿ ಬನ್ನಿಗಿಡದ ನೆರಳಿನಲ್ಲಿ ಕುಳಿತು ಅವನನ್ನೇ ನೋಡುತ್ತಿದ್ದಳು.

ಊಟಕ್ಕೆ ಕುಳಿತಾಗ ಅವಳೇ ಮಾತು ತೆಗೆದಳು.

"ಕೂರಿಗಿ ನಿಂದರ್ಸಿ, ಎತ್ತ ಬಿಚ್ಚಿ, ಹಂಗs ಬರಾಕ ಆಗಲಿಲ್ಲೇನಪಾ ನಿನಗ ಅವತ್ತು? ಅಂಥಾದ್ದೇನ್ ಕೆಲಸ ಅದು? ನನಗಾರs ತಿಳಿಯೂ ಹಂಗ ಹೇಳು."

ಯಾರೂ ತುತ್ತು ಎತ್ತಲಿಲ್ಲ. ಅಳಿಯನು ಕೈ ತೊಳೆದುಕೊಂಡು, ಒಂದು ಕಡ್ಡಿ ತೆಗೆದುಕೊಂಡು ಕರಿಮಣ್ಣಿನ ಮೇಲೆ ಗೆರೆ ಎಳೆಯತೊಡಗಿದ. ಅವನು ತಾಯಿಗೆ ಅಂದು ವಿವರಿಸಿದ್ದನ್ನು ನಮ್ಮ ಓದುಗ ಬಂಧುಗಳ ತಿಳಿವಳಿಕೆಗಾಗಿ ಸಂಗ್ರಹಿಸಿ ಬರೆಯುತ್ತೇವೆ. ನಮ್ಮ ಸಮಾಜದ ಅನೇಕ ತರುಣರು ಇಂದು ಇಂಥ ದೂರದ ಉದ್ಯೋಗಗಳಲ್ಲಿದ್ದಾರೆ. ಅವರು ಏನು ಮಾಡುತ್ತಾರೆಂದು ಹೆತ್ತವರಿಗೆ ತಿಳಿದಿರುವುದಿಲ್ಲ. ತಿಳಿಸುವಷ್ಟು ವ್ಯವಧಾನ ಅವರಿಗೂ ಇರುವುದಿಲ್ಲ.

ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟರೆ ನೀರು ಎಷ್ಟು ಆಳದಲ್ಲಿದೆಯೆಂದು ರೈತನಿಗೆ ತಿಳಿಯುತ್ತದೆ. ಕಡಲಿನಲ್ಲಿ ಮಾಡುವುದೂ ಅದನ್ನೇ. ಹಡಗಿನ ಹಿಂದೆ, ನೀರಿನೊಳಗೆ ಆರೇಳು ಮೀಟರ್ ಆಳದಲ್ಲಿ, ಗಾಳಿಯನ್ನು ಚದರ ಅಂಗುಲಕ್ಕೆ 2000 ಪೌಂಡಿನಷ್ಟು ಒತ್ತಡದಲ್ಲಿ ತುಂಬಿಟ್ಟ ಉಕ್ಕಿನ ಕೊಳವೆಗಳಿರುತ್ತವೆ. ಆ ಗಾಳಿಯನ್ನು ಒಮ್ಮೆಲೇ ಬಿಟ್ಟಾಗ ಆಗುವ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಕಡಲತಳಕ್ಕಿಳಿದು, ತಳವನ್ನೂ ತೂರಿ ಕಲ್ಲಿನ ಒಂದೊಂದು ಪದರಕ್ಕೂ ತಾಗಿ ಮರುದನಿಯಾಗಿ ಮೇಲೆ ಬರುತ್ತದೆ. ಅದನ್ನು ಕೇಳಿಸಿಕೊಳ್ಳಲು ಹಡಗಿನ ಹಿಂದೆ ಉದ್ದುದ್ದ ಕೇಬಲ್ಲುಗಳು ತೇಲುತ್ತವೆ. ಒಂದೊಂದರ ಉದ್ದ ಆರರಿಂದ ಎಂಟು ಕಿಲೋಮೀಟರು. ಅಂಥ ಹತ್ತು ಕೇಬಲ್ಲುಗಳು, ಒಂದರಿಂದ ಒಂದಕ್ಕೆ ನೂರು ಮೀಟರ್ ಅಂತರ. ಅವುಗಳೊಳಗೆ ಸಾವಿರಾರು ಕಿವಿಗಳು. ಹತ್ತು ಹನ್ನೊಂದು ಸೆಕೆಂಡಿಗೊಮ್ಮೆ ಸದ್ದು, ಮತ್ತೆ ಆಲಿಸುವಿಕೆ. ಹಗಲು ರಾತ್ರಿ, ವಾರಗಟ್ಟಲೆ. ಕೊನೆಗೆ ಆ ಮರುದನಿಗಳನ್ನೆಲ್ಲ ಗಣಕಯಂತ್ರಕ್ಕೆ ಕೊಟ್ಟು ನೆಲದಡಿಯ ಚಿತ್ರ ಬಿಡಿಸುತ್ತಾರೆ. ಎಣ್ಣೆ ಇದ್ದರೂ ಇರಬಹುದಾದ ಜಾಗ ಇಂತಲ್ಲಿ ಎಂದು ತೋರಿಸುವುದಷ್ಟೇ ಆ ಚಿತ್ರದ ಕೆಲಸ. ಎಣ್ಣೆ ಇದೆಯೋ ಇಲ್ಲವೋ ಎಂಬುದು ಕೊರೆದಾಗಲೇ ತಿಳಿಯುವುದು.

ನಮ್ಮ ದೇಶದ ಮುಂಬಯಿ ಕಡಲಿನ ಎಣ್ಣೆಯೂ ಸಿಕ್ಕಿದ್ದು ಹೀಗೆಯೇ. 1960ರ ದಶಕದ ನಡುವೆ ಸೋವಿಯತ್ ದೇಶದ 'ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ' ಎಂಬ ಹಡಗಿನಲ್ಲಿ ರಷ್ಯನ್ನರೂ ಭಾರತೀಯರೂ ಕೂಡಿ ಖಂಭಾತ್ ಕೊಲ್ಲಿಯ ಅಡಿಯನ್ನು ಆಲಿಸಿದರು. 'ಸಾಗರ ಸಾಮ್ರಾಟ್' ಎಂಬ ತೇಲುವ ಕೊರೆಯಟ್ಟಣೆ 1974ರ ಫೆಬ್ರುವರಿಯಲ್ಲಿ ಮುಂಬಯಿ ಕಡಲಿನಲ್ಲಿ ಎಣ್ಣೆ ಕಂಡಿತು. ಆಲಿಸಿದ್ದಕ್ಕೂ ಕಂಡದ್ದಕ್ಕೂ ನಡುವೆ ಸುಮಾರು ಹತ್ತು ವರ್ಷ.

ತಂಗಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಅವಳಿಗೆ ಅರ್ಥವಾದದ್ದು ಕೂರಿಗೆಯ ಮಾತು. "ಅವ್ವಾ, ಹತ್ತು ತಾಳಿನ ಕೂರಿಗಿ ಅಂತ ತಿಳಕೋ. ಅಗಲ ಒಂದ್ ಕಿಲೋಮೀಟರ್‍ನಷ್ಟು, ಉದ್ದ ಎಂಟು ಕಿಲೋಮೀಟರ್. ಸಾಲು ಸೊಟ್ಟ ಆಗಬಾರದು. ಒಂದ್ ಸಾಲು ಮುಗಿದು ಮುಂದಿನ ಸಾಲಿಗೆ ಹೊರಳಬೇಕಂದ್ರ ಬದುವಿನ ಮ್ಯಾಲೆ ಮೂರ್ ತಾಸು ಬೇಕು. ಗಕ್ಕನ ನಿಂತ್ರ ಹಗ್ಗೆಲ್ಲ ತೊಡರ್ತಾವ, ಇಲ್ಲಾ ಮುಳಗ್ತಾವ." ಹಡಗಿನಲ್ಲಿ ಐವತ್ತೆಂಟು ಜನ, ಹದಿನಾಲ್ಕು ದೇಶದವರು. ಹಡಗನ್ನು ನಡೆಸುವ ಕಪ್ತಾನ ಬೇರೆ. ಸರ್ವೆಯ ಹೊಣೆ ನಮ್ಮ ಅಳಿಯನದು. ನಾರ್ವೆಯವನು ಹೇಳಿದ್ದು ಫಿಲಿಪೈನ್ಸಿನವನಿಗೆ ತಿಳಿಯಬೇಕು, ರಷ್ಯದವನ ಮುಂಗೋಪ ಬ್ರೆಜಿಲಿನವನಿಗೆ ತಾಗಬಾರದು. ಐದು ವಾರ ಕೆಲಸ, ಐದು ವಾರ ಬಿಡುವು. ಬೆಳಗಿನ ನಾಲ್ಕಕ್ಕೆ ಎದ್ದು ತನ್ನ ಕೋಣೆಯಲ್ಲಿ ಲಿಂಗಪೂಜೆ ಮುಗಿಸಿ, ಆರಕ್ಕೆ ರಾತ್ರಿ ಪಾಳಿಯವರಿಂದ ಲೆಕ್ಕ ತೆಗೆದುಕೊಳ್ಳುತ್ತಾನೆ. ಎಲ್ಲಿ ಕೇಬಲ್ಲಿಗೆ ಕಡಲಹುಳು ಅಂಟಿ ಭಾರವಾಗಿದೆ, ಎಲ್ಲಿ ಅಲೆ ಎದ್ದು ಸದ್ದು ಕೆಡುತ್ತಿದೆ, ಎಷ್ಟು ಸಾಲು ಮತ್ತೆ ಹೊಡೆಯಬೇಕು ಎಂದು ನೋಡುತ್ತಾನೆ. ಹಡಗು ಸುಮ್ಮನೆ ನಿಂತರೂ ದಿನದ ಖರ್ಚು ಕೋಟಿಯ ಲೆಕ್ಕದಲ್ಲಿ.

ಆದರೂ ನಿಲ್ಲಿಸಬೇಕಾದಾಗ ನಿಲ್ಲಿಸಲೇಬೇಕು. ಈ ಸಂಗತಿ ನಮಗೆ ಬಹಳ ಹಿಡಿಸಿತು. ಹಡಗಿನಲ್ಲಿ ತಿಮಿಂಗಿಲ ನೋಡುವುದಕ್ಕೆಂದೇ ಸಂಬಳದ ಜನ ಇರುತ್ತಾರೆ. ಸದ್ದು ಆರಂಭಿಸುವ ಅರ್ಧ ತಾಸು ಮೊದಲಿನಿಂದ ಅವರು ನೀರಿನ ಮೇಲೆ ಕಣ್ಣಿಟ್ಟಿರಬೇಕು. 500 ಮೀಟರಿನೊಳಗೆ ತಿಮಿಂಗಿಲವೋ ಡಾಲ್ಫಿನ್ನೋ ಕಂಡರೆ ಆರಂಭಿಸುವಂತಿಲ್ಲ; ಅದು ಹೋಗುವವರೆಗೆ ಕಾಯಬೇಕು. ಆಮೇಲೂ ಒಮ್ಮೆಲೇ ಪೂರ್ತಿ ಸದ್ದು ಮಾಡುವಂತಿಲ್ಲ; ಇಪ್ಪತ್ತು ನಿಮಿಷ ಸಣ್ಣದರಿಂದ ಏರಿಸುತ್ತಾ ಹೋಗಬೇಕು, ಹತ್ತಿರವಿದ್ದ ಜೀವಿ ದೂರ ಸರಿಯಲಿ ಎಂದು. ಅದೇ ರೀತಿ ಮೀನುಗಾರರೊಡನೆ ಮಾತುಕತೆ. ಬಲೆ ಬಿಟ್ಟ ಕಡೆ ಹಡಗು ಹೋದರೆ ಬಲೆಯೂ ಹಾಳು, ಕೇಬಲ್ಲೂ ಹಾಳು. ಅದಕ್ಕೆಂದೇ ಮೀನುಗಾರರ ಭಾಷೆ ಬಲ್ಲ ಒಬ್ಬನನ್ನು ಹಡಗಿನಲ್ಲಿ ಇಟ್ಟುಕೊಳ್ಳುತ್ತಾರೆ. ಮುಂದೆ ಹಿಂದೆ ಕಾವಲು ದೋಣಿಗಳೂ ಇರುತ್ತವೆ. ನಿಯಮವನ್ನು ಎಲ್ಲ ಕಡೆ ಎಲ್ಲರೂ ಪಾಲಿಸುತ್ತಾರೆಂದು ಅವನು ಹೇಳಲಿಲ್ಲ. ಇಂಥ ಸದ್ದು ಕಡಲ ಜೀವಿಗಳಿಗೆ ತೊಂದರೆಯೇ ಎಂದು ಒಪ್ಪಿಕೊಂಡ.

"ಅವತ್ತೂ ನಿಂದರ್ಸಬಹುದಿತ್ತಲ್ಲ?" ಎಂದಳು ತಂಗಿ.

ಅಳಿಯನು ಕಡ್ಡಿಯನ್ನು ಕೆಳಗಿಟ್ಟ. ಸುದ್ದಿ ಉಪಗ್ರಹ ದೂರವಾಣಿಯಲ್ಲಿ ಬಂದಾಗ ಹಡಗು ಹೆಲಿಕಾಪ್ಟರ್ ಬರಲಾಗದಷ್ಟು ದೂರದಲ್ಲಿತ್ತು. ಸರಬರಾಜು ದೋಣಿಯಲ್ಲಿ ಬಂದರು ಸೇರಲು ಒಂದೂವರೆ ದಿನ, ಅಲ್ಲಿಂದ ಎರಡು ವಿಮಾನ, ಒಂದು ರಾತ್ರಿಯ ಗಾಡಿ. ಊರು ತಲುಪಿದಾಗ ಐದನೆಯ ದಿನ. ನಮ್ಮಲ್ಲಿ ಕ್ರಿಯಾಸಮಾಧಿಯನ್ನು ಅಷ್ಟು ದಿನ ಕಾಯಿಸುವಂತಿಲ್ಲ. ಇದೆಲ್ಲ ನಮಗೆ ತಿಳಿದಿತ್ತು. ತಿಳಿಯದಿದ್ದುದನ್ನು ಅವನು ಅಂದು ಹೇಳಿದ.

"ದೋಣಿ ಹತ್ತರs ಇತ್ತವ್ವಾ. ನನ್ ಕೈಕೆಳಗಿನಾಂವಗ ಒಪ್ಪಿಸಿ ಆಗಿಂದಾಗ ಹೊರಡಬಹುದಿತ್ತು. ಆದ್ರ ಸಾಲು ನಡುವ ಇತ್ತು. ಗಾಳಿ ಎದ್ದಿತ್ತು. ಆರ್ ತಾಸು ನಿಂತು ಆ ಸಾಲು ಮುಗಿಸಿದೆ. ಆಮ್ಯಾಲೆ ಹೊಂಟೆ. ಆರ್ ತಾಸು ಮೊದಲ ಹೊಂಟಿದ್ರೂ ಅಪ್ಪನ ಮಾರಿ ಸಿಗತಿರಲಿಲ್ಲ. ಆದ್ರೂ ನಿಂತದ್ದು ನಿಂತದ್ದs."

ಹೊಲದಲ್ಲಿ ಬಹಳ ಹೊತ್ತು ಗಾಳಿಯ ಸಪ್ಪಳವಷ್ಟೇ. ಆಮೇಲೆ ತಂಗಿ ಅವನ ತಾಟಿಗೆ ಇನ್ನೊಂದು ಕಡಬು ಬಡಿಸಿ ಅಂದಳು: "ನಿಮ್ಮಪ್ಪನೂ ಹಂಗs. ನೀ ಹುಟ್ಟಿದ ದಿನ ಬಿತ್ತೂ ಸಾಲು ಮುಗಿಸಿಕೊಂಡs ಮನಿಗಿ ಬಂದಿದ್ದ. ದೀಪ ಹಚ್ಚೂ ಹೊತ್ತಾಗಿತ್ತು." ಅದು ಸಮಾಧಾನದ ಮಾತೋ, ನಲವತ್ತು ವರ್ಷದ ಹಳೆಯ ದೂರೋ, ಒಡಹುಟ್ಟಿದ ನಮಗೂ ತಿಳಿಯಲಿಲ್ಲ. ಅವನು ಮಾತ್ರ ಕಡಬು ತಿಂದ.

ಆ ಮಧ್ಯಾಹ್ನ ಗೋಗಿಗೆ ಹೋದೆವು. ಶಹಾಪುರದಿಂದ ಹೆಚ್ಚು ದೂರವಿಲ್ಲದ ಈ ಗ್ರಾಮ ಇತಿಹಾಸಪ್ರಿಯರಿಗೆ ಗೊತ್ತು. ವಿಜಯಪುರದ ಆದಿಲಶಾಹಿ ಮನೆತನದ ಮೊದಲ ಅರಸರ ಸಮಾಧಿಗಳು ಇರುವುದು ವಿಜಯಪುರದಲ್ಲಲ್ಲ, ಇಲ್ಲಿ, ಸಂತ ಚಂದಾ ಹುಸೇನಿಯ ದರ್ಗಾದ ಆವರಣದಲ್ಲಿ. ಗೋಳಗುಮ್ಮಟ ಕಟ್ಟಿಸಿದವರ ಪೂರ್ವಜರು ಇಷ್ಟು ಸರಳವಾದ ಜಾಗದಲ್ಲಿ ಒಬ್ಬ ಸಂತನ ಪಾದದಡಿ ಮಲಗಿದ್ದಾರೆ. ಊರಿನ ಎಲ್ಲ ಜಾತಿಯವರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ; ನಮ್ಮ ಭಾವಮೈದುನರೂ ಪ್ರತಿ ವರ್ಷ ಸಕ್ಕರೆ ಓದಿಸುತ್ತಿದ್ದರು.

ಆದರೆ ಇಂದು ಗೋಗಿಯ ಹೆಸರು ದೂರದವರೆಗೆ ಹೋಗಿರುವುದು ಅರಸರಿಂದಲ್ಲ, ಯುರೇನಿಯಂನಿಂದ. ಇಲ್ಲಿ ನೆಲದಡಿ ಪೂರ್ವ–ಪಶ್ಚಿಮವಾಗಿ ಒಂದು ದೊಡ್ಡ ಬಿರುಕಿದೆ. ಬಿರುಕಿನ ಗುಂಟ ಕಡಲ ಸುಣ್ಣಕಲ್ಲೂ ಬೆಟ್ಟದ ಕರಿಕಲ್ಲೂ ಒಂದಕ್ಕೊಂದು ಉಜ್ಜಿ ಪುಡಿಯಾಗಿವೆ. ಆ ಪುಡಿಯ ಸಂದಿಯಲ್ಲಿ ಯುರೇನಿಯಂ ಕೂಡಿಕೊಂಡಿದೆ. ಕೇಂದ್ರ ಸರಕಾರದ ಅಣುಖನಿಜ ನಿರ್ದೇಶನಾಲಯದವರು ಕೊಳವೆ ಕೊರೆದು ಕೊರೆದು ಇದನ್ನು ಗುರುತಿಸಿದರು. 1967ರಿಂದ ಗಣಿ ನಡೆದಿರುವ ಜಾರ್ಖಂಡದ ಜಾದುಗೂಡದ ಅದಿರಿಗಿಂತ ಇಲ್ಲಿಯ ಅದಿರು ಸತ್ವಶಾಲಿ. ಪರೀಕ್ಷಾರ್ಥ ಸುರಂಗವನ್ನೂ ತೋಡಿದರು. ಆಗಿನಿಂದ ಸುತ್ತಲಿನ ಹಳ್ಳಿಗಳ ಮನಸ್ಸು ಎರಡಾಯಿತು. ಕೆಲಸ ಬರುತ್ತದೆ, ಭೂಮಿಗೆ ಬೆಲೆ ಬರುತ್ತದೆ ಎಂದವರು ಕೆಲವರು. ಬಾವಿಯ ನೀರು ಹಾಳಾಗುತ್ತದೆ, ಮಕ್ಕಳ ಗತಿ ಏನು ಎಂದವರು ಹಲವರು.

ನಮ್ಮ ತಂಗಿಯ ಎದುರಿಗೂ ಅದೇ ಪ್ರಶ್ನೆ. ದಾಯಾದಿಗಳಲ್ಲಿ ಒಬ್ಬರು, ಹೇಗೂ ಮಗ ಊರಿಗೆ ಮರಳುವವನಲ್ಲ, ಗಣಿ ಬಂದರೆ ನೀರು ಕೆಡುತ್ತದೆ, ಈಗಲೇ ಹೊಲ ಕೊಟ್ಟುಬಿಡಿ ಎಂದು ದುಂಬಾಲು ಬಿದ್ದಿದ್ದರು. ಕೊಳ್ಳುವವರು ತಾವೇ. ನೆಲದಡಿ ಓದುವ ಮಗ ಬಂದಿದ್ದಾನೆಂದು ತಿಳಿದು ಊರಿನ ನಾಲ್ಕಾರು ಹಿರಿಯರು ಕಟ್ಟೆಯ ಮೇಲೆ ಸೇರಿದರು. "ನಮ್ ಬಾಯಾಗಿನ ನೀರಾಗ ಅದು ಅದನೋ ಇಲ್ಲೋ, ನೀ ಹೇಳಪಾ" ಎಂದರು.

ಅವನು ನೋಡಿ ಹೇಳುವಂಥದ್ದಲ್ಲವೆಂದು ಸ್ಪಷ್ಟವಾಗಿ ಹೇಳಿದ. ನೀರಿನ ಬಣ್ಣ, ರುಚಿ, ವಾಸನೆಯಿಂದ ಯುರೇನಿಯಂ ತಿಳಿಯುವುದಿಲ್ಲ. ಕಾಯಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟು ಅದು ಗಟ್ಟಿಯಾಗುತ್ತದೆ. ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದರೆ ಮೊದಲು ತಾಗುವುದು ಮೂತ್ರಪಿಂಡಕ್ಕೆ. ಇಂಥ ಕಲ್ಲಿರುವ ಕಡೆ ಗಣಿ ಇಲ್ಲದೆಯೂ ನೀರಿನಲ್ಲಿ ಅದು ಕರಗಿರಬಹುದು. ಆದ್ದರಿಂದ ಗಣಿ ಬರಲಿ ಬಿಡಲಿ, ಒಂದೊಂದು ಬಾವಿ, ಒಂದೊಂದು ಬೋರಿನ ನೀರನ್ನೂ ಪ್ರಯೋಗಾಲಯದಲ್ಲಿ ನೋಡಿಸಬೇಕು. ಇದ್ದರೆ, ಈಗ ಹಳ್ಳಿಗಳಲ್ಲಿ ಹಾಕಿರುವ ಶುದ್ಧ ನೀರಿನ ಯಂತ್ರಗಳು ಸುಸ್ಥಿತಿಯಲ್ಲಿದ್ದರೆ ಅದನ್ನು ಬಹುಮಟ್ಟಿಗೆ ಸೋಸುತ್ತವೆ.

ಒಬ್ಬ ಮುದುಕರು ಕೇಳಿದ ಪ್ರಶ್ನೆಗೆ ಮಾತ್ರ ಅವನ ಬಳಿ ಉತ್ತರವಿರಲಿಲ್ಲ. "ನಿಮ್ ಹಡಗದಾಗ ಮೀನಕ್ಕ ಸುದ್ದಾ ಹೊತ್ತು ಕೊಟ್ಟು ಸರೀರಿ ಅಂತೀರಿ ಅಂತಲ್ಲ. ಇಲ್ಲಿ ಕೊರಿಯಾಕ ಬಂದಾಗ ನಮಗ ಯಾರೂ ಏನೂ ಕೇಳಲಿಲ್ಲಲ್ಲೋ ತಮ್ಮಾ?" ಅಳಿಯನು ತಲೆ ತಗ್ಗಿಸಿದ. ಕೊರೆದವರು ಅವನ ಕಡೆಯವರಲ್ಲ. ಆದರೆ ಅಂದು ಆ ಕಟ್ಟೆಯ ಮೇಲೆ ನೆಲದಡಿ ನೋಡುವವರ ಪರವಾಗಿ ಕುಳಿತವನು ಅವನೊಬ್ಬನೇ.

ಮೂರನೆಯ ದಿನ ಸುರಪುರದ ದಾರಿ ಹಿಡಿದೆವು. ಶಹಾಪುರದ ಬೆಟ್ಟಸಾಲು ದೂರದಿಂದ ನೋಡಿದಾಗ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಜನ ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ಹಣೆ, ಮೂಗು, ತುಟಿ, ಎದೆ ಎಲ್ಲವೂ ಕಲ್ಲಿನಲ್ಲಿ ತಾನೇ ಮೂಡಿವೆ. ಊರಿನಲ್ಲಿ ಚರಬಸವೇಶ್ವರರ ಗದ್ದುಗೆಯ ದರ್ಶನ ಪಡೆದು, ಸಮೀಪದ ವಿಭೂತಿಹಳ್ಳಿಗೆ ಹೋದೆವು. ಹೆಸರು ಕೇಳಿ ನಾವು ಮಠವೋ ಗುಡಿಯೋ ಇರಬಹುದೆಂದುಕೊಂಡಿದ್ದೆವು. ಅಲ್ಲಿರುವುದು ಬಯಲಿನಲ್ಲಿ ಸಾಲು ಸಾಲಾಗಿ ಇಟ್ಟ ನೂರಾರು ಗುಂಡುಗಳು. ಅಡ್ಡ, ಉದ್ದ, ಓರೆ, ಯಾವ ಕಡೆಯಿಂದ ನೋಡಿದರೂ ಸಾಲು ಸಾಲೇ. ಕಬ್ಬಿಣ ಬಳಕೆಗೆ ಬಂದ ಕಾಲದ ಜನ ಯಾವುದಕ್ಕೋ ನೆಟ್ಟದ್ದು. ನಾವು ಕಲ್ಲು ನೋಡುತ್ತಿದ್ದರೆ ಅಳಿಯನು ಸಾಲು ನೋಡುತ್ತಿದ್ದ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸುತ್ತಾ ಹೋದವನು ಅರ್ಧ ತಾಸಾದರೂ ಮರಳಲಿಲ್ಲ. "ಯಂತ್ರ ಇಲ್ಲದs ಇಷ್ಟು ನೆಟ್ಟಗ ಹ್ಯಾಂಗ ಹಿಡಿದ್ರು ಮಾಮಾ!" ಎಂದು ಬೆವರೊರೆಸಿಕೊಂಡ. ಅವನ ಮುಖದಲ್ಲಿ ನಗು ಕಂಡದ್ದು ಆ ಮೂರು ದಿನದಲ್ಲಿ ಅಲ್ಲಿಯೇ ಮೊದಲು.

ಈ ಕಲ್ಲುಗಳನ್ನು ಜಗತ್ತಿಗೆ ತಿಳಿಸಿದವನು ಮೆಡೋಸ್ ಟೇಲರ್. 1841ರಲ್ಲಿ ಸುರಪುರಕ್ಕೆ ಬಂದ ಈ ಇಂಗ್ಲಿಷ್ ಅಧಿಕಾರಿ, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸುಮಾರು ಹತ್ತು ವರ್ಷ ಸಂಸ್ಥಾನ ನೋಡಿಕೊಂಡ. ಸುರಪುರದ ಗುಡ್ಡದ ಮೇಲೆ ಅವನ ಮನೆ 'ಟೇಲರ್ ಮಂಜಿಲ್' ಇಂದಿಗೂ ಇದೆ. ನಾವು ಹತ್ತಿ ಹೋದಾಗ ಸಂಜೆಯಾಗಿತ್ತು. ಕೆಳಗೆ ಕೋಟೆ, ವೇಣುಗೋಪಾಲಸ್ವಾಮಿಯ ಗುಡಿ, ಊರ ದೀಪಗಳು. ಬಾಲರಾಜನು ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನಂತೆ. ಟೇಲರನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಹುಡುಗ ಬೆಳೆದು 1858ರಲ್ಲಿ ಇಂಗ್ಲಿಷರ ವಿರುದ್ಧ ಕತ್ತಿ ಹಿರಿದ, ಸೆರೆ ಸಿಕ್ಕ. ಸೆರೆಮನೆಗೆ ಹೋಗಿ ಅವನನ್ನು ಕಂಡವನೂ ಟೇಲರನೇ. ಆಮೇಲೆ ರಾಜ ಗುಂಡೇಟಿನಿಂದ ಸತ್ತ. ಸರಕಾರದ ಚಾಕರಿಗೂ ಸಾಕಿದ ಮಗನ ಮೇಲಿನ ಮಮತೆಗೂ ನಡುವೆ ಆ ಮನುಷ್ಯ ಏನು ಅನುಭವಿಸಿದನೋ! ಈ ಕತೆಯನ್ನು ನಾವು ಹೇಳುವಾಗ ತಂಗಿ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದಳು. ಏನೂ ಅನ್ನಲಿಲ್ಲ.

ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಇನ್ನೊಂದು ಊರಿದೆ. ಬಂದರಿನ ಮಂಗಳೂರಲ್ಲ, ಹಳೆಯ ಚಿನ್ನದ ಗುಂಡಿಗಳ ಮಂಗಳೂರು. ಚಿನ್ನ ತೆಗೆದವರು ಯಾವಾಗಲೋ ಹೋದರು. ಆ ಕಲ್ಲಿನಲ್ಲಿರುವ ಪಾಷಾಣ ಅಲ್ಲಿಯ ನೀರಿನಲ್ಲಿ ಉಳಿದಿತ್ತು. ಕಿರದಳ್ಳಿ ತಾಂಡಾದ ಜನರ ಚರ್ಮದ ಮೇಲೆ ಗಂಟುಗಳೆದ್ದ ಬಳಿಕವೇ ಹೊರಗಿನವರಿಗೆ ಅದು ತಿಳಿದದ್ದು. ನೀರು ನೋಡಿಸುವ ಮಾತಿಗೆ ಅಳಿಯನು ಅಷ್ಟು ಒತ್ತು ಕೊಟ್ಟದ್ದೇಕೆಂದು ನಮಗೆ ಆಗ ಅರ್ಥವಾಯಿತು.

ಕೆಂಭಾವಿಯ ಕಡೆಯ ಮುದನೂರಿಗೂ ಹೋಗದೆ ಮರಳಬಾರದೆಂದು ತಂಗಿಯ ಹಟ. ಬಸವಣ್ಣನವರಿಗೂ ಮೊದಲಿನ ವಚನಕಾರರಾದ ಜೇಡರ ದಾಸಿಮಯ್ಯನವರ ಊರದು. ಅವರ ಇಷ್ಟದೈವವಾದ ರಾಮನಾಥನ ಗುಡಿ ಅಲ್ಲಿದೆ. ನೂಲು ನೇಯ್ದು ಬದುಕಿದ ಶರಣರ ಊರಿನಲ್ಲಿ ತಂಗಿ ಮಗನ ಕೈಯಿಂದ ದೀಪ ಹಚ್ಚಿಸಿದಳು. ಹೊರಗೆ ಕಟ್ಟೆಯ ಮೇಲೆ ಕುಳಿತಾಗ, "ಹೊಲ ಕೊಡೂದಿಲ್ಲ" ಎಂದಳು, ಯಾರೂ ಕೇಳದೆಯೇ. "ನೀರಿಂದು ಕಾಗದ ಬರಲಿ, ಆಮ್ಯಾಲೆ ನೋಡೂಣು. ಕೆಟ್ಟಿದ್ರ ಯಾರಿಗರೆ ಕೊಟ್ಟು ಅವರ ಬಾಯಾಗ ಹಾಕೂದು ನ್ಯಾಯ ಅಲ್ಲ. ಚೊಲೋ ಇದ್ರ ಯಾಕ ಕೊಡೂದು?" ಅಳಿಯನು ಹೌದವ್ವಾ ಎಂದ.

ಯಾದಗಿರಿ ನಿಲ್ದಾಣದಲ್ಲಿ ಅವನನ್ನು ಬೀಳ್ಕೊಟ್ಟೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಳ್ಳು ಬೆಲ್ಲದ ಗಂಟಿನ ಜೊತೆಗೆ ಅವನ ಚೀಲದಲ್ಲಿ ಆರು ಸೀಸೆಗಳಿದ್ದವು: ಊರ ಬೋರಿನದು, ಶಾಲೆಯ ಬಳಿಯ ಕೈಪಂಪಿನದು, ಕಟ್ಟೆಯ ಹಿರಿಯರ ಬಾವಿಗಳವು ಮೂರು. ಆರನೆಯದರ ಮೇಲೆ 'ಅಪ್ಪನ ಬಾವಿ' ಎಂದು ಬರೆದು ಅಂಟಿಸಿದ್ದ. ಹೈದರಾಬಾದಿನ ಪ್ರಯೋಗಾಲಯದಲ್ಲಿ ಕೊಟ್ಟು, ಅಲ್ಲಿಂದ ಹಡಗಿಗೆ.

ಗಾಡಿ ಹೋದ ಮೇಲೂ ತಂಗಿ ಫಲಾಟಿನ ಕಲ್ಲುಬೆಂಚಿನ ಮೇಲೆ ಕುಳಿತೇ ಇದ್ದಳು. "ಅಣ್ಣಾ, ಬರೂ ವರ್ಷದ ಎಳ್ಳಮಾಸಿ ಯಾವಾಗ ಬರ್ತದ ನೋಡು" ಎಂದಳು. ನಾವು ಚೀಲದಲ್ಲಿದ್ದ ಪಂಚಾಂಗ ತೆಗೆದು ದಿನ ಹೇಳಿದೆವು. ಐದು ವಾರ ಕಡಲು, ಐದು ವಾರ ಬಿಡುವು ಎಂದು ಅವಳು ಬೆರಳು ಮಡಿಚುತ್ತಾ, ಆ ದಿನ ಯಾವ ಐದರಲ್ಲಿ ಬೀಳುತ್ತದೆಂದು ಎಣಿಸತೊಡಗಿದಳು.